ಒಳಗೆ ನೋಡದ ಕಣ್ಣಿನ ಪರೀಕ್ಷೆ

ನೌಕರರ ಆರೋಗ್ಯ ಯೋಜನೆಯ ಮುಖ್ಯಾಧಿಕಾರಿಗಳೇ,

ನನ್ನ ಮಗಳು ಸುಪ್ರಜಾಳ ಶ್ರದ್ಧಾಂಜಲಿ ಸಭೆಗೆ ಶಂಕರಪುರಂವರೆಗೆ ಬಂದ ಎಲ್ಲರಿಗೂ ನಾನು ಕೃತಜ್ಞ, ತಮಗೂ. ಆದರೆ ತಾವು ಅಲ್ಲಿ ವ್ಯಕ್ತಪಡಿಸಿದ ಸಹಾನುಭೂತಿಯನ್ನು ಸ್ವೀಕರಿಸಲಾರೆ. ತಮ್ಮ ಯೋಜನೆ ಆನ್‌ಲೈನ್ ಕನ್ನಡಕಕ್ಕೆ ಹಣ ಕೊಡುತ್ತದೆ, ಕಣ್ಣಿನ ವೈದ್ಯರ ತಪಾಸಣೆಗೆ ಕೊಡುವುದಿಲ್ಲ. ಇವೆರಡರ ನಡುವೆ ನನ್ನ ಮಗಳು ಹೋದಳು.

ಕಾಲೇಜಿನಲ್ಲಿ ನಾನು ಚರ್ಚಾಪಟು. ವಾದಕ್ಕೆ ಮುನ್ನ ಪದದ ಅರ್ಥ ನಿಶ್ಚಯಿಸಿಕೊಳ್ಳಬೇಕೆಂದು ಅಲ್ಲಿ ಕಲಿಸಿದ್ದರು. ಹಾಗಾದರೆ ಹೇಳಿ: ‘ಕಣ್ಣಿನ ಪರೀಕ್ಷೆ’ ಎಂದರೇನು? ತಾವು ಮಾನ್ಯ ಮಾಡಿದ ಮಾರಾಟ ಸಂಸ್ಥೆಯ ಪ್ರಕಾರ, ಮೊಬೈಲನ್ನು ಗೋಡೆಗೆ ಒರಗಿಸಿ, ದೂರ ನಿಂತು ಅಕ್ಷರ ಓದುವುದು. ತಲೆನೋವು, ಕಣ್ಣು ಮಂಜು ಎಂದು ಸುಪ್ರಜಾ ಮೊದಲು ಆಸ್ಪತ್ರೆಗೇ ಹೋಗಿದ್ದಳು. “ನಿಮ್ಮ ಸ್ಕೀಮಲ್ಲಿ ಇದು ಬರಲ್ಲ ಮೇಡಂ, ಆನ್‌ಲೈನಲ್ಲಿ ಟೆಸ್ಟ್ ಫ್ರೀ ಇದೆಯಲ್ಲ” ಎಂದು ಕೌಂಟರಿನವರು ವಾಪಸ್ ಕಳಿಸಿದರು. ಅವಳು ಮನೆಗೆ ಬಂದು ಅಕ್ಷರ ಓದಿದಳು. ಡಾಕ್ಟರ ಹತ್ತಿರ ಹೋಗೋಣ, ದುಡ್ಡು ನಾನು ಕೊಡುತ್ತೇನೆ ಎಂದೆ.

“ಟೆಸ್ಟ್ ಆಯ್ತಲ್ಲ ಅಪ್ಪ! ಪವರ್ ಸ್ವಲ್ಪ ಬದಲಾಗಿದೆ ಅಷ್ಟೆ. ಈ ಫ್ರೇಮ್ ನೋಡಿ, ಇದ್ರಲ್ಲಿ ನಾನೂ ನಿಮ್ಮ ಥರಾನೇ ಸಿಡುಕಿ ಕಾಣ್ತೀನಿ.”

ಇಬ್ಬರೂ ನಕ್ಕೆವು. ಪರೀಕ್ಷೆ ಆಯಿತೆಂದ ಮೇಲೆ ಮರುಪ್ರಶ್ನೆ ಯಾರು ಕೇಳುತ್ತಾರೆ?

ಅವಳ ಮಿದುಳಿನಲ್ಲಿ ಗಡ್ಡೆ ಬೆಳೆಯುತ್ತಿತ್ತು. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದ್ದರೆ ನರದ ಊತ ಆಗಲೇ ಕಾಣುತ್ತಿತ್ತೆಂದು ಕೊನೆಗೆ ಚಿಕಿತ್ಸೆ ನೀಡಿದ ವೈದ್ಯರು ಹೇಳಿದರು. ತಮ್ಮ ಮಾರಾಟ ಸಂಸ್ಥೆಯ ಆ್ಯಪ್ ಮೊಬೈಲಿನಲ್ಲಿ ಅವಳ ಮುಖವನ್ನಷ್ಟೇ ನೋಡಿತ್ತು, ಫ್ರೇಮ್ ಒಪ್ಪುತ್ತದೆಂದು ತೀರ್ಪು ಕೊಟ್ಟಿತ್ತು. ನಿಜ, ಬಹಳ ಚೆನ್ನಾಗಿ ಒಪ್ಪಿತ್ತು ಸ್ವಾಮಿ. ಕೊನೆಯ ದಿನ ಅದನ್ನು ಅವಳ ಮುಖದಿಂದ ತೆಗೆದವನು ನಾನೇ.

ಸಭೆಯಲ್ಲಿ ತಾವು ಅವಳ ಹೆಸರಿನಲ್ಲಿ ಉಚಿತ ಕನ್ನಡಕ ಶಿಬಿರ ಘೋಷಿಸಿದಿರಿ. ಶ್ರದ್ಧಾಂಜಲಿಯಲ್ಲಿ ಚಪ್ಪಾಳೆ! ನನ್ನ ಪತ್ನಿ ಅಂಬುಜ ಕಣ್ಣೊರೆಸಿಕೊಂಡು, “ಹೋಗ್ಲಿ ಬಿಡಿ, ಮಗು ಹೆಸರಾದ್ರೂ ಉಳಿಯುತ್ತಲ್ಲ ರೀ” ಎಂದಳು. ನಾನೂ ಒಪ್ಪಿದೆ. ಆಮೇಲೆ ವಿಚಾರಿಸಿದೆ. ಶಿಬಿರದಲ್ಲೂ ಅದೇ ಮೊಬೈಲು, ಅದೇ ಅಕ್ಷರಗಳು.

ಕನ್ನಡಕವನ್ನು ಜನ ಎಲ್ಲಿಂದಾದರೂ ಕೊಳ್ಳಲಿ, ನನ್ನ ತಕರಾರಿಲ್ಲ. ಕಣ್ಣಿನೊಳಗೆ ನೋಡದ ಯಾವುದನ್ನೂ ‘ಕಣ್ಣಿನ ಪರೀಕ್ಷೆ’ ಎಂದು ಕರೆಯಕೂಡದೆಂದು ಆದೇಶಿಸಿ. ವೈದ್ಯರ ತಪಾಸಣೆಯನ್ನು ಯೋಜನೆಗೆ ಸೇರಿಸಿ.

ಅಲ್ಲಿಯವರೆಗೆ ತಮ್ಮ ಶಿಬಿರಕ್ಕೆ ನನ್ನ ಮಗಳ ಹೆಸರಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆದಿದ್ದೇನೆ. ಅಂಬುಜಳನ್ನು ಕೇಳಲಿಲ್ಲ. ಅವಳೂ ಇದನ್ನು ಪತ್ರಿಕೆಗೆ ಕೊಟ್ಟ ಈ ಬಹಿರಂಗ ಪತ್ರದಲ್ಲಿಯೇ ಓದಬೇಕಾಗಿದೆ.

ಇಂತಿ,
ಹೆಸರನ್ನಷ್ಟೇ ಕಾಯಲು ಉಳಿದಿರುವ
ಬದರೀನಾರಾಯಣ