ಟವೆಲ್ ಕೆಳಗೆ ನೀರಿನ ದರ

೩ ನವೆಂಬರ್ ೧೯೮೬, ಸಂಜೆ, ಡೋಣಿ
ಮುಂಡರಗಿ ಎತ್ತಿನ ಪೇಟೆಯಿಂದ ಈಗ ಬಂದೆ. ಒಂದು ಜೋಡಿ ಕುದುರಿಸಿದೆ. ದಲಾಲ ನಾನಿರುವಾಗ ಕುದುರದೆ ಎಲ್ಲಿ ಹೋದೀತು? ಮನೆಯಲ್ಲಿ ಕುಡಿಯಲು ನೀರಿಲ್ಲ. ಹೆಂಡತಿ ನೀಲಗಂಗವ್ವ ಗುಡ್ಡದ ಕೆಳಗಿನ ಬಾವಿಯಿಂದ ಇನ್ನೂ ಬಂದಿಲ್ಲ. ಸೊಂಟ ನೋವು ಅವಳಿಗೆ. ಕೊಡ ಇಳಿಸುವಾಗ ಹಲ್ಲು ಕಚ್ಚುತ್ತಾಳೆ...

೫ ನವೆಂಬರ್
ಧಾರವಾಡದಿಂದ ತಾರಾಬಾಯಿ ಅಕ್ಕೋರು ಸರಕಾರದ ನೀರಿನ ಸರ್ವೆಗೆ ಬಂದಿದ್ದಾರೆ. ಓಣಿಗೆ ನಳ ಬಂದರೆ ತಿಂಗಳಿಗೆ ಎಷ್ಟು ಕೊಡುತ್ತೀರಿ—ಇದೇ ಪ್ರಶ್ನೆ. ಸರಾಸರಿ ಐದು ರೂಪಾಯಿ ಬಂದರೆ ನೀರಿನ ಟಾಕಿ ನಮ್ಮೂರಿಗೆ, ಇಲ್ಲದಿದ್ದರೆ ಬೇರೆ ಊರಿಗೆ. ಕೇಳಿದ್ದು ಚಾವಡಿಯಲ್ಲಿ, ಎಲ್ಲರೆದುರು. ಹೊಳೆಯಪ್ಪ ಗೌಡರು ಮೊದಲು ಬಾಯಿ ತೆರೆದರು. "ಒಂದು ರೂಪಾಯಿ." ಅವರಿಗೇನು, ಹಿತ್ತಲಲ್ಲೇ ಬಾವಿ. ಗೌಡರನ್ನು ಮೀರಿ ಹೇಳುವವರು ಯಾರು? ಗಾಡಿ ಮಾಡುವ ಖಾಸಿಂಸಾಬನೂ ಒಂದು ಅಂದ. ನಾನೂ ಒಂದು.
ಮನೆಗೆ ಬಂದರೆ ನೀಲಗಂಗವ್ವ: "ನನ್ನ ಸೊಂಟದ ಕಿಮ್ಮತ್ತು ಒಂದ ರೂಪಾಯಿ ಅಂತ ಹೇಳಿ ಬಂದ್ರೇನು?"
ಇಡೀ ಪೇಟೆಯ ಬಾಯಿ ಮುಚ್ಚಿಸುವ ನಾನು ಚಪ್ಪಲಿ ಮೆಟ್ಟಿ ಮತ್ತೆ ಹೊರಗೆ ನಡೆದೆ.

೧೦ ನವೆಂಬರ್
ಅಕ್ಕೋರೂ ಮುಂಡರಗಿಗೆ ಬಂದಿದ್ದರು. ಟವೆಲ್ ಕೆಳಗೆ ಬೆರಳು ಹಿಡಿದು ನಾನು ವ್ಯಾಪಾರ ಮಾಡುವುದನ್ನು ನಿಂತು ನೋಡಿದರು.
"ಕಾಕಾ, ದರ ಬಾಯಿಲೆ ಯಾಕ ಹೇಳಂಗಿಲ್ರಿ?"
"ಬಾಯಿಲೆ ಹೇಳಿದ್ರ ಅದು ಸುತ್ತ ನಿಂತಾವ್ರ ದರ ಆಕ್ಕೈತ್ರಿ. ಟವೆಲ್ದಾಗ ಹೇಳಿದ್ರ ಮನಸಿನ ದರ."
ಟವೆಲ್ ಎತ್ತಿ ತಿರುಗಿಸಿ ನೋಡಿದರು. "ನಾಳೆ ಚಾವಡಿಗೆ ಇದನ್ನ ತಗೊಂಡ ಬರ್ರಿ. ಮತ್ತೊಮ್ಮಿ ಕೇಳೂಣು."
ಯೋಚನೆ ಇಬ್ಬರದೂ. ದೊಡ್ಡ ಪಾಲು ನನ್ನದು.

೧೧ ನವೆಂಬರ್
ಗೆದ್ದೆ. ಬೆರಳಿಗೆ ಒಂದು ರೂಪಾಯಿ, ಅಂಗೈ ಒತ್ತಿದರೆ ಐದು. ಒಬ್ಬೊಬ್ಬರೇ ಬಂದರು; ಹೆಸರಿಲ್ಲದೆ ಅಂಕಿ ಮಾತ್ರ ಅಕ್ಕೋರು ಬರೆದುಕೊಂಡರು. ಖಾಸಿಂಸಾಬನ ಬಾಯಲ್ಲಿ ಮಳೆಯ ಮಾತು, ಟವೆಲ್ ಕೆಳಗೆ ಅಂಗೈ, ಮೇಲೊಂದು ಬೆರಳು. ಗೌಡರು ಮಾತ್ರ ಒಂದೇ ಬೆರಳು, ಅದೂ ಕಿರುಬೆರಳು.
ಅಷ್ಟರಲ್ಲಿ ಎದುರು ಮನೆಯ ಮರಿಯವ್ವ ಎದ್ದಳು. "ನೀರು ಹೊರಾವ್ರು ನಾವು. ಗಂಡಸರ ಕೈಗೇನು ಗೊತ್ತೈತಿ?"
ಪರ ಹೆಂಗಸರ ಕೈ ನಾನು ಹಿಡಿಯಲಾದೀತೇ? ನೀಲಗಂಗವ್ವ ಟವೆಲ್ ಕಸಿದುಕೊಂಡು ನನ್ನ ಜಾಗದಲ್ಲಿ ಕುಳಿತೇಬಿಟ್ಟಳು. ಹೆಂಗಸರು ಸಾಲುಗಟ್ಟಿದರು. ಖಾಸಿಂಸಾಬನ ತಾಯಿ ಅಲ್ಮಾಸಬಿ ಅಂಗೈಯನ್ನು ಎರಡು ಸಲ ಒತ್ತಿದೆನೆಂದು ತಾನೇ ಸಾರಿಕೊಂಡು ಹೋದಳು.
ಸರಾಸರಿ ಆರು ದಾಟಿತು. "ಆತು ಕಾಕಾ," ಅಂದರು ಅಕ್ಕೋರು, "ಇನ್ನ ನಿಮ್ಮೂರಿಗೆ ಇಲ್ಲ ಅನ್ನೂದು ಸುಲಭ ಅಲ್ಲ."
ನೀನೆಷ್ಟು ಹೇಳಿದಿ ಎಂದು ಹೆಂಡತಿಯನ್ನು ಕೇಳಿದೆ.
"ಟವೆಲ್ದಾಗಿನ ಮಾತು ಹೊರಗ ಬಿಡಬಾರದು ಅಂತ ನೀವ ಅಂತೀರಲ್ಲ."

೨೦ ಜೂನ್ ೧೯೮೭
ಪೈಪು ಬಂದಿಳಿದವು. ಸರಕಾರ ನನ್ನ ಟವೆಲ್ ಕೇಳಿತ್ತು, ನಾನೇ ಕೊಡಲಿಲ್ಲ ಎಂದು ಲಕ್ಷ್ಮೇಶ್ವರದ ಪೇಟೆಯಲ್ಲಿ ಹೇಳಿದೆ. ಅರ್ಧ ಜನ ನಂಬಿದರು. ಉಳಿದ ಅರ್ಧ ಚಹಾ ಕುಡಿಸಿ ಮತ್ತೊಮ್ಮೆ ಹೇಳಿಸಿದರು.

೨ ಫೆಬ್ರುವರಿ ೧೯೮೮, ಬೆಳಿಗ್ಗೆ ೭
ಇವತ್ತು ನೀರು ಬಿಡುತ್ತಾರಂತೆ. ಗೌಡರೂ ನಳದ ಹತ್ತಿರ ನಿಂತಿದ್ದಾರೆ, ತಾವೇ ತರಿಸಿದವರ ಹಾಗೆ. ಹೋಗಿ ನಾಲ್ಕು ಮಾತು ಹೇಳಬೇಕು, ಯಾರ ಬುದ್ಧಿಯಿಂದ ಬಂತು ಎಂದು. ಭಾಷಣ ಇಲ್ಲೇ ಬರೆದುಕೊಳ್ಳುವೆ. ಡೋಣಿಯ ಹಿರಿಯರೇ, ಹೆಂಗಸರೇ—
ಓಣಿಯಲ್ಲಿ ಕೂಗು. ಬಂತಂತೆ. ನೀಲಗಂಗವ್ವ ಕೊಡ ಮರೆತು ಬರಿಗೈಲೇ ಓಡುತ್ತಿದ್ದಾಳೆ, ಆ ಸೊಂಟ ಇಟ್ಟುಕೊಂಡು. ಭಾಷಣ ಇರಲಿ. ನಾನು ಕೊಡ ತಗೊಂಡು ಹಿಂದೆ—