ಲ್ಯಾವೆಂಡರ್ ಘಮದ ದಿಂಬಿನ ಕವರ್

ಜೋಹಾನ್ಸ್‌ಬರ್ಗ್,
ಗುರುವಾರ

ಪ್ರೀತಿಯ ಮಾರ್ಲಿಝ್ ಅವರಿಗೆ,

ನೀವು ಸಾಕಿ ಮಾರಿದ ಹೆಬ್ಬಾವಿನ ಮರಿ ನಿನ್ನೆ ಕೊನೆಗೂ ಇಲಿ ನುಂಗಿತು, ಅದೂ ನಾನೇ ಇಕ್ಕಳದಲ್ಲಿ ಹಿಡಿದುಕೊಟ್ಟ ಇಲಿಯನ್ನು! ಖುಷಿಗೆ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಶೀತದಿಂದ ಅದರ ಮೂಗಿನಲ್ಲಿ ಬರುತ್ತಿದ್ದ ನೊರೆಗುಳ್ಳೆ, ಉಸಿರಿನ ಸೀಟಿ ಎರಡೂ ನಿಂತಿವೆ.

ಆದ್ದರಿಂದ ನನ್ನ ಗಂಡ ತುಮೆಲೊ ಇನ್ನು ದಿನಾ ಸಂಜೆ ನಿಮಗೆ ಫೋನ್ ಮಾಡಿ ಕೇಳುವಂಥದ್ದೇನೂ ಉಳಿದಿಲ್ಲ. "ಹೊಸ ಮನೆ, ಹೆದರಿದೆ, ಬೆಚ್ಚಗಿಡು" ಎಂದಿರಂತೆ. ಮದುವೆಯಾಗಿ ಅದೇ ವಾರ ನಾನೂ ಹೊಸ ಮನೆಗೆ ಬಂದಿದ್ದೆ. ನಿನ್ನೆ ಮರಿ ಬಾಯಿ ತೆರೆದದ್ದೇ ತಡ, "ತಾಳು, ಮಾರ್ಲಿಝ್‌ಗೆ ಹೇಳ್ತೀನಿ" ಅಂದ. "ತಿನ್ನಿಸಿದ್ದು ನಾನು ಕಣೋ! ಮೊದ್ಲು ನನ್ನನ್ನ ಹೊಗಳು" ಅಂದೆ. ನಕ್ಕು ಫೋನ್ ಕೆಳಗಿಟ್ಟ.

ಇನ್ನೊಂದು ವಿಷಯ. ನೀವು ಮರಿಯನ್ನು ಹಾಕಿಕೊಟ್ಟ ದಿಂಬಿನ ಕವರ್ ಅವನ ಕಾರಿನಲ್ಲೇ ಇತ್ತು, ಲ್ಯಾವೆಂಡರ್ ಘಮದ ಸಮೇತ. "ಹಾವು ತರೋರೆಲ್ಲ ಹಾಗೇ ತರೋದು ಕಣೇ" ಅಂದ. ನಂಬಿದ್ದೇನೆ. ಆದರೆ ಹಾವಿನ ನುಸಿ ಇರಬಹುದು, ಜೊತೆಗೆ ಬಂದ ಬಟ್ಟೆಯನ್ನು ಕುದಿಸಿ ಎಂದರು ಪಶುವೈದ್ಯರು. ಮೂರು ಸಲ ಕುದಿಸಿದೆ. ನಿಮ್ಮ ಹೆಸರಿನ ಕಸೂತಿ ಮಾಸಿದೆ, ಕ್ಷಮಿಸಿ.

ಅದನ್ನು ಅಂಚೆಯಲ್ಲಿ ಕಳಿಸಲು ಮನಸ್ಸಿಲ್ಲ. ಮರಿಯ ಉಸಿರು ಮತ್ತೆ ಕೆಟ್ಟರೆ ಏನು ಮಾಡಬೇಕೆಂದು ನನಗೇ ಕಲಿಸಿಕೊಡಿ. ಮುಂದೆ ಫೋನ್ ನಾನೇ ಮಾಡುತ್ತೇನೆ. ಶನಿವಾರ ಬೆಳಿಗ್ಗೆ ಹತ್ತರ ಗೌಟ್ರೇನ್ ರೈಲಿನಲ್ಲಿ ನಿಮ್ಮ ಹ್ಯಾಟ್‌ಫೀಲ್ಡ್‌ಗೆ ಕವರ್ ಹಿಡಿದು ಬರುತ್ತೇನೆ, ಒಬ್ಬಳೇ.

ತುಮೆಲೊನ ಹೆಂಡತಿ,
ರೆಫಿಲ್ವೆ