ಡಿಜೆಯ ಕಿವಿಗೂ ಒಂದು ನಿಯಮ ಬೇಕು

ಸಮಾರಂಭ ಪರವಾನಗಿ ಅಧಿಕಾರಿಗಳೇ,

ಮದುವೆ ರಿಸೆಪ್ಷನ್ನುಗಳ ಡಿಜೆಗಳಿಗಾಗಿ ತಾವು ಹೊರಡಿಸಿರುವ ನಡತೆ ನಿಯಮಗಳ ಕರಡನ್ನು ಮೂರು ಸಲ ಓದಿದೆ. ಅಂಗಿಗೆ ಕಾಲರ್ ಇರಬೇಕಂತೆ, ಬೂಟಿಗೆ ಪಾಲಿಶ್ ಇರಬೇಕಂತೆ, ಮೈಕಿನಲ್ಲಿ ಮಾತಾಡುವಾಗ ಬಾಯಲ್ಲಿ ಚ್ಯೂಯಿಂಗ್ ಗಮ್ ಇರಬಾರದಂತೆ. ಇಪ್ಪತ್ತೆರಡು ನಿಯಮಗಳಲ್ಲಿ ಡಿಜೆಯ ಕಿವಿಯ ಬಗ್ಗೆ ಒಂದಕ್ಷರವಿಲ್ಲ. ಇದು ಮರೆವೋ, ಜಾಣಮರೆವೋ? ಕರಡು ಸಮಿತಿಯಲ್ಲಿ ಮೂವರು ಡಿಜೆಗಳೇ ಇದ್ದರೆಂದು ತಮ್ಮ ಗುಮಾಸ್ತರು ಬಾಯಿಬಿಟ್ಟ ಮೇಲೆ ನನಗೆ ಉತ್ತರ ಹೊಳೆಯತೊಡಗಿದೆ.

ನಾನು ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ತಪಾಸಣೆ ಮಾಡಿದವನು. ಅನುಮಾನವೇ ನನಗೆ ಅನ್ನ ಹಾಕಿದ್ದು. ಹಾಗಿದ್ದೂ ಮಗಳ ರಿಸೆಪ್ಷನ್ನಿನಲ್ಲಿ ಮೋಸಹೋದೆ. ಅಂದು ಮಧ್ಯಾಹ್ನ ಅಳಿಯ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡು ವಂದನೆ ಹೇಳಿ ಮುಗಿಸಿದ. ಸ್ಪೀಕರುಗಳಲ್ಲಿ ಅವನ ದನಿ ನಿಂತಿತು. ಮೈಕು ಆಫ್ ಆಯಿತೆಂದುಕೊಂಡು ಅವನನ್ನು ವೇದಿಕೆಯ ಪರದೆ ಹಿಂದಕ್ಕೆ ಕರೆದೊಯ್ದು, ಇಪ್ಪತ್ತು ದಿನಗಳಿಂದ ನುಂಗಿಕೊಂಡಿದ್ದ ಮಾತನ್ನು ಹೇಳಿದೆ.

"ನನ್ನ ಹೊಟ್ಟೇಲಿ ಗಡ್ಡೆ ಇದೆಯಂತೆ. ಮುಂದಿನ ವಾರ ಆಪರೇಷನ್. ನೀವಿಬ್ರೂ ಪ್ರವಾಸ ಮುಗಿಸ್ಕೊಂಡು ಬರೋವರೆಗೂ ಅವಳಿಗೆ ಹೇಳ್ಬೇಡಿ."

"ಮಾವ, ನಾನು ಅವಳ ಮುಖ ಹೇಗೆ ನೋಡ್ಲಿ?" ಎಂದ.

ಹತ್ತು ನಿಮಿಷ ಕಳೆದಿರಲಿಲ್ಲ. ಮಗಳ ಗೆಳತಿಯರು ಕುಣಿಯುತ್ತಿದ್ದ ಹಾಡು ಅರ್ಧಕ್ಕೇ ನಿಂತಿತು. "ಈಗ ಅಪ್ಪ, ಮಗಳು ಮಾತ್ರ ವೇದಿಕೆ ಮೇಲಿರ್ಲಿ, ಉಳಿದವರು ದಯವಿಟ್ಟು ಇಳೀರಿ. ಇಂಥ ಹೊತ್ತು ಮತ್ತೆ ಸಿಗುತ್ತೋ ಇಲ್ವೋ..." ಎಂದು ಡಿಜೆ ಘೋಷಿಸಿದ. ಹೇಳುತ್ತಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಕಾರ್ಯಕ್ರಮದ ಪಟ್ಟಿ ನಾನೇ ಬರೆದು ಸಹಿ ಮಾಡಿದ್ದೆ, ಅದರಲ್ಲಿ ಇದಿರಲಿಲ್ಲ. ಮೆಲ್ಲನೆಯ ಹಾಡು ಶುರುವಾಯಿತು. ಮಗಳು ನನ್ನ ಹೆಗಲ ಮೇಲೆ ಕೈಯಿಟ್ಟು, ಡಿಜೆಯತ್ತ ನೋಡಿದಳು, ಗಂಡನತ್ತ ನೋಡಿದಳು. ಗಂಡ ತನ್ನ ಬೂಟು ನೋಡುತ್ತಿದ್ದ.

"ಅಪ್ಪಾ, ಡಿಜೆ ಯಾಕೆ ಅಳ್ತಿದ್ದಾರೆ?"

"ಹೊಗೆ ಮೆಷಿನ್ ಕಣಮ್ಮ, ಕಣ್ಣುರಿ."

"ಹೊಗೆ ಇನ್ನೂ ಬಿಟ್ಟೇ ಇಲ್ವಲ್ಲಪ್ಪಾ."

ಅವಳು ನನ್ನ ಮಗಳೇ. ಹಾಡು ಮುಗಿಯುವಷ್ಟರಲ್ಲಿ ಎಲ್ಲವನ್ನೂ ಬಾಯಿಬಿಡಿಸಿದ್ದಳು.

ಅತಿಥಿಗಳು ಹೋದ ಮೇಲೆ ಡಿಜೆಯನ್ನು ತರಾಟೆಗೆ ತೆಗೆದುಕೊಂಡೆ. "ಹಾಲ್‌ಗೆ ಸೌಂಡ್ ಕಟ್ ಮಾಡಿದ್ರೂ ನಮ್ಮ ಹೆಡ್‌ಫೋನಿಗೆ ಬರ್ತಾ ಇರುತ್ತೆ ಸಾರ್. ಮೈಕ್ ಚೆಕ್ ಮಾಡೋಣ ಅಂತ ಹಾಕ್ಕೊಂಡೆ. ನಿಮ್ಮ ಮಾತು ಕೇಳಿಸ್ತು. ತೆಗೆಯೋಕೆ ಮನಸ್ಸು ಬರ್ಲಿಲ್ಲ," ಎಂದ. "ಎಲ್ಲಾ ಡಿಜೆಗಳೂ ಹೀಗೇ ಕೇಳಿಸ್ಕೋತೀರಾ?" ಎಂದು ಕೇಳಿದೆ. ಅವನು ವೈರು ಸುತ್ತತೊಡಗಿದ.

ಈಗ ತಮ್ಮ ಹದಿನಾಲ್ಕನೇ ನಿಯಮ ನೋಡೋಣ. "ಸಮಾರಂಭದ ಭಾವವನ್ನು ಅರಿತು ಡಿಜೆಯು ಸ್ವವಿವೇಚನೆಯಿಂದ ಹಾಡು ಬದಲಿಸಬಹುದು." ಅರಿಯುವುದು ಹೇಗೆ, ಮಾನ್ಯರೇ? ಯಾರ ಕಾಲರಿನಿಂದ? ಎಷ್ಟು ಮನೆಗಳ ಜಗಳ, ಕಾಯಿಲೆ, ಕಣ್ಣೀರು ಈ ಮೂವರು ಸಮಿತಿ ಸದಸ್ಯರ ಕಿವಿಯಲ್ಲಿವೆ? ಆ ಸಾಲನ್ನು ಬರೆದ ಕೈ ಯಾರದೆಂದು ತಿಳಿಸುವಿರಾ?

ಮಗಳು ಪ್ರವಾಸ ರದ್ದು ಮಾಡಿದಳು. ಸಮುದ್ರ ನೋಡಬೇಕಾದವಳು ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನ್ನ ಫಾರಂಗಳನ್ನು ತುಂಬುತ್ತಿದ್ದಾಳೆ. ಆಪರೇಷನ್ ನಾಳೆ ಬೆಳಿಗ್ಗೆ. ಅವಳ ಸಂತೋಷ ಕೆಟ್ಟಿತೆಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೆ ಒಬ್ಬನೇ ಇದ್ದಾಗ ಆಗುತ್ತಿದ್ದಷ್ಟು ಹೆದರಿಕೆ ಈಗ ಆಗುತ್ತಿಲ್ಲ. ಇದನ್ನು ದೂರಿನಲ್ಲಿ ಯಾವ ಕಲಮಿನಡಿ ಬರೆಯಬೇಕೋ ತಿಳಿಯದು.

ನನ್ನ ಬೇಡಿಕೆ ಇಷ್ಟು. ಮಾತು ಮುಗಿದ ಕೂಡಲೇ ಕಾಲರಿನ ಮೈಕನ್ನು ಡಿಜೆಯೇ ಬಂದು ಬಿಚ್ಚಬೇಕು. ಹೆಡ್‌ಫೋನಿನಲ್ಲಿ ಕೇಳಿದ್ದು ಬಾಯಿಗೆ ಬರಕೂಡದು, ಹಾಡಿಗೂ ಬರಕೂಡದು. ಹದಿನಾಲ್ಕನೇ ನಿಯಮ ತೆಗೆಯಬೇಕು. ಆ ಡಿಜೆಯ ಹೆಸರನ್ನು ಮಾತ್ರ ಕೇಳಬೇಡಿ. ತಮ್ಮ ಕಚೇರಿ ಎಷ್ಟು ನೋಟಿಸು ಕಳಿಸಿದರೂ ನಾನು ಹೇಳುವುದಿಲ್ಲ.

ಇಂತಿ,
ಮಗಳಿಂದ ಮುಚ್ಚಿಡಲು ಹೋಗಿ ಸಿಕ್ಕಿಬಿದ್ದ ಒಬ್ಬ ಅಪ್ಪ